ಮೀನು ಒಣಗುವ ದಂಡೆಗೆ ನೀಲಿ ಬಾವುಟ

ಹೊನ್ನಾವರ ಪೇಟೆ ಬಿಟ್ಟು ಭಟ್ಕಳದ ಕಡೆಗೆ ಹೊರಟರೆ ಶರಾವತಿ ಸೇತುವೆ. ಸೇತುವೆಯ ಮೇಲಿಂದ ಬಲಕ್ಕೆ ನೋಡಿದರೆ ಹೊಳೆ ಅಗಲವಾಗಿ ಹರಡಿಕೊಂಡು ಕಡಲು ಸೇರುವ ಅಳಿವೆ. ಸೇತುವೆ ಇಳಿದರೆ ಕಾಸರಕೋಡು. ಕೇರಳದ ಕಾಸರಗೋಡಲ್ಲ, ಇದು ನಮ್ಮ ಉತ್ತರ ಕನ್ನಡದ್ದು. ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿಗೆ ಟೊಂಕ ಎಂದು ಹೆಸರು. ಅಲ್ಲಿ ಮೀನುಗಾರಿಕಾ ಬಂದರಿದೆ, ಹರಾಜು ನಡೆಯುತ್ತದೆ, ಹೆಂಗಸರು ಮರಳ ಮೇಲೆ ಮೀನು ಒಣಗಿಸುತ್ತಾರೆ. ಅದೇ ದಂಡೆ ಹಿಡಿದು ದಕ್ಷಿಣಕ್ಕೆ ಸಾಗಿದರೆ ಗಾಳಿಮರದ ತೋಪು, ಅದರಾಚೆ ಸ್ನಾನಕ್ಕೆಂದು ಗುರುತು ಮಾಡಿದ ನೀರು, ಬಟ್ಟೆ ಬದಲಿಸುವ ಕೋಣೆ, ಕಾವಲು ಗೋಪುರ, ಕಂಬದ ಮೇಲೆ ನೀಲಿ ಬಾವುಟ.

ಶನಿವಾರ ಭಾನುವಾರದ ರಜೆಗೆ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬರುವವರು ನೇರ ಬಾವುಟದ ಹತ್ತಿರ ಹೋಗುತ್ತಾರೆ. ಒಂದೆರಡು ಗಂಟೆ ನೀರಿನಲ್ಲಿ ಕಳೆದು, ಫೋಟೊ ತೆಗೆದುಕೊಂಡು ಮುರ್ಡೇಶ್ವರಕ್ಕೆ ಹೊರಡುತ್ತಾರೆ. ಟೊಂಕದ ಕಡೆಗೆ ತಿರುಗುವವರು ಬಹಳ ಕಡಿಮೆ. ಮೀನಿನ ದಂಡೆಯೂ ಬಾವುಟದ ದಂಡೆಯೂ ಒಂದೇ ಊರಿನವು, ಒಂದರ ಭವಿಷ್ಯ ಇನ್ನೊಂದಕ್ಕೆ ತಗಲಿಕೊಂಡಿದೆ ಎಂದು ಹೇಳುವ ಫಲಕ ಅಲ್ಲೆಲ್ಲೂ ಇಲ್ಲ. ಕುಮಟಾದಿಂದ ಭಟ್ಕಳದವರೆಗಿನ ಸುಮಾರು 60 ಕಿ.ಮೀ. ಕರಾವಳಿಯನ್ನು ಎರಡು ದಿನದಲ್ಲಿ ನೋಡಲು ಬರುವವರಿಗೆ ಅದನ್ನು ಬಿಡಿಸಿ ಹೇಳಬೇಕೆಂದು ನನಗೆ ಬಹುದಿನಗಳಿಂದ ಅನ್ನಿಸಿದೆ.

ನೀರಿನಂಚನ್ನು ಹೊಸದಾಗಿ ಕಟ್ಟಿ ಪ್ರವಾಸಿಗರಿಗೆ ತೆರೆಯುವ ಕೆಲಸಕ್ಕೆ ಈಗ ಎಲ್ಲರೂ ವಾಟರ್‌ಫ್ರಂಟ್ ಅಭಿವೃದ್ಧಿ ಎನ್ನುತ್ತಾರೆ. ಅದು ಶುರುವಾದದ್ದು ಕೆಲಸ ನಿಂತುಹೋದ ಬಂದರುಗಳಲ್ಲಿ. 1960ರ ದಶಕದಿಂದ ಹಡಗಿನ ಸರಕು ಕಂಟೇನರುಗಳಲ್ಲಿ ಸಾಗತೊಡಗಿತು. ಕಂಟೇನರ್ ಹಡಗುಗಳು ದೊಡ್ಡವು, ಅವುಗಳಿಗೆ ಆಳವಾದ ನೀರು ಬೇಕು, ದಡದಲ್ಲಿ ಬಯಲಿನಂಥ ಜಾಗ ಬೇಕು. ನಗರದ ಹೊಟ್ಟೆಯೊಳಗಿದ್ದ ಹಳೆಯ ಧಕ್ಕೆಗಳಲ್ಲಿ ಅದಕ್ಕೆ ಎಡೆಯಿರಲಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಡಾಕುಗಳು ಒಂದರ ಹಿಂದೊಂದು ಮುಚ್ಚಿದವು. 1981ರಲ್ಲಿ ಸರ್ಕಾರ ಒಂದು ಅಭಿವೃದ್ಧಿ ನಿಗಮ ಮಾಡಿ ಆ ಪಾಳು ಜಾಗವನ್ನು ಅದರ ಕೈಗೆ ಕೊಟ್ಟಿತು. ಕಚೇರಿಗಳ ಗೋಪುರಗಳು, ಮನೆಗಳು, ನಡಿಗೆಯ ಹಾದಿಗಳು ಎದ್ದವು. ಅಮೆರಿಕದ ಬಾಲ್ಟಿಮೋರ್ ನಗರ 1980ರಲ್ಲಿ ತನ್ನ ಹಳೆಯ ಬಂದರಿನ ಅಂಚಿಗೆ ಅಂಗಡಿ ಹೋಟೆಲುಗಳ ಸಂಕೀರ್ಣ ಕಟ್ಟಿತು. ಆಮೇಲೆ ಜಗತ್ತಿನ ಊರೂರು ಅದನ್ನು ಅನುಸರಿಸಿತು.

ಅಲ್ಲೆಲ್ಲ ಕೂಲಿಯಾಳು ಮೊದಲು ಹೋದ, ಪ್ರವಾಸಿ ಆಮೇಲೆ ಬಂದ. ನಮ್ಮಲ್ಲಿ ಈ ಅನುಕ್ರಮ ಇಲ್ಲ. ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಡಗಳಿಗೆ ಕಾಂಕ್ರೀಟಿನ ನಡಿಗೆ ಹಾದಿ ಕಟ್ಟಿದಾಗ ನದಿಯ ಪಾತ್ರದಲ್ಲೇ ವಾಸವಿದ್ದ ಸಾವಿರಾರು ಕುಟುಂಬಗಳು ಏಳಬೇಕಾಯಿತು. ನದಿದಂಡೆಯಲ್ಲಿ ತಲೆತಲಾಂತರದಿಂದ ನಡೆಯುತ್ತಿದ್ದ ಭಾನುವಾರದ ಗುಜರಿ ಸಂತೆಯ ವ್ಯಾಪಾರಿಗಳು ಸುಮ್ಮನಿರದೆ ನ್ಯಾಯಾಲಯಕ್ಕೆ ಹೋದರು. ಕೊನೆಗೆ ಹೊಸ ದಂಡೆಯಲ್ಲೇ ಕಟ್ಟೆ, ನೆರಳು, ಜಾಗ ಪಡೆದುಕೊಂಡರು. ಮುಂಬೈಯ ಸಸೂನ್ ಡಾಕ್ 1875ರದ್ದು, ಇವತ್ತಿಗೂ ಮೀನಿನ ಧಕ್ಕೆ. ಅದರ ಗೋದಾಮುಗಳಲ್ಲಿ ಚಿತ್ರಕಲೆಯ ಉತ್ಸವವೂ ನಡೆದಿದೆ, ಹೊರಗೆ ಕೋಲಿ ಮೀನುಗಾರ ಸಮುದಾಯದ ಹೆಂಗಸರು ಸಿಗಡಿ ಸುಲಿಯುವುದೂ ನಿಂತಿಲ್ಲ. ಈ ಎರಡು ಉದಾಹರಣೆಗಳನ್ನು ನಾನು ಹುಡುಕಿ ತಂದದ್ದಕ್ಕೆ ಕಾರಣವಿದೆ. ಹೊನ್ನಾವರದಲ್ಲಿ, ಭಟ್ಕಳದಲ್ಲಿ, ತದಡಿಯಲ್ಲಿ ಧಕ್ಕೆ ಇನ್ನೂ ಜೀವಂತವಾಗಿದೆ. ಅದು ಜೀವಂತವಿರುವಾಗಲೇ ಅದರ ಪಕ್ಕಕ್ಕೆ ಪ್ರವಾಸಿಯ ದಂಡೆ ಬಂದು ನಿಂತಿದೆ. ಎರಡಕ್ಕೂ ಜಾಗ ಇಡಬೇಕೆಂಬ ತೀರ್ಮಾನ ಮಾಡುವ ಸಮಯ ಇದೇ.

ಈ ಕರಾವಳಿಗೆ ಬಂದರು ಹುಟ್ಟುವುದೂ ಗೊತ್ತು, ಸಾಯುವುದೂ ಗೊತ್ತು. 1340ರ ದಶಕದಲ್ಲಿ ಬಂದ ಯಾತ್ರಿಕ ಇಬ್ನ್ ಬತೂತ ಹೊನ್ನಾವರವನ್ನು ಹಿನೌರ್ ಎಂದು ಕರೆದ. ಅಲ್ಲಿಯ ಜನ ಕೃಷಿ ಮಾಡದೆ ಕಡಲ ವ್ಯಾಪಾರದಿಂದಲೇ ಬದುಕುತ್ತಾರೆಂದ. ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದುದನ್ನು ಬೆರಗಿನಿಂದ ಬರೆದಿಟ್ಟ. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದಾಗ ಅವರಿಗೆ ಬೆಂಬಲ ಕೊಟ್ಟವನು ಇದೇ ಹೊನ್ನಾವರದ ತಿಮ್ಮಯ್ಯ ಎಂಬ ನೌಕಾಬಲದ ಧಣಿ. ಭಟ್ಕಳದಲ್ಲಿ ಪರ್ಷಿಯಾ ಕೊಲ್ಲಿಯ ಕುದುರೆಗಳು ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಗೋವೆ ಕೈಗೆ ಬಂದ ಮೇಲೆ ಪೋರ್ಚುಗೀಸರು ಆ ಕುದುರೆ ವ್ಯಾಪಾರವನ್ನು ತಮ್ಮ ಬಂದರಿಗೆ ಎಳೆದುಕೊಂಡರು. 1542ರಲ್ಲಿ ಭಟ್ಕಳವನ್ನೇ ಸುಟ್ಟರು.

ಕುಮಟಾದ ಕಥೆ ಇಷ್ಟು ಹಳೆಯದಲ್ಲ, ಆದರೆ ಅದರಲ್ಲಿ ಕಲಿಯಬೇಕಾದ್ದು ಹೆಚ್ಚು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಲ್ಯಾಂಕಾಶೈರಿನ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ ಸೀಮೆಯ ಕಪ್ಪು ಮಣ್ಣಿನ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬಂತು. ಇಲ್ಲಿಂದ ಹಾಯಿಯ ಹಡಗುಗಳಲ್ಲಿ ಮುಂಬೈಗೆ, ಮುಂಬೈಯಿಂದ ಇಂಗ್ಲೆಂಡಿಗೆ. ಬೆಳೆದದ್ದು ಬಯಲುಸೀಮೆಯಲ್ಲಾದರೂ ಹಡಗು ಹತ್ತಿದ ಊರಿನ ಹೆಸರೇ ಅಂಟಿಕೊಂಡು, ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ ಆಯಿತು. ಜಿಲ್ಲೆಯ ಆಡಳಿತವೂ ಆಗಲೇ ಕೈ ಬದಲಿಸಿತು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತಕ್ಕೆ ಹೋಯಿತು. ಈ ವರ್ಗಾವಣೆಯ ಹಿಂದೆ ಹತ್ತಿಯ ವ್ಯಾಪಾರಿಗಳ ಒತ್ತಾಯ ದೊಡ್ಡದಿತ್ತು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯ ರೈಲು ಮಾರ್ಗ ಗೋವೆಯ ಮುರ್ಮಗೋವಾ ಬಂದರಿಗೆ ಕೂಡಿಕೊಂಡಿತು. ಗಾಡಿಯ ಹತ್ತಿ ರೈಲು ಹತ್ತಿತು, ಕುಮಟಾದ ಬಂದರು ಬಡವಾಯಿತು. ಒಂದು ತಲೆಮಾರಿನ ಒಳಗೆ ಇಷ್ಟೂ ಆಗಿಹೋಯಿತು. ಇಂದು ಕುಮಟಾದ ಹೆಡ್ ಬಂದರಿನಲ್ಲಿ ಸಂಜೆ ಗಾಳಿ ತೆಗೆದುಕೊಳ್ಳಲು ನಿಲ್ಲುವವರಿಗೆ ಅಲ್ಲಿ ಹತ್ತಿಯ ಹಡಗು ನಿಲ್ಲುತ್ತಿತ್ತೆಂದು ತಿಳಿಸುವ ಒಂದು ಕಲ್ಲಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಹೊರಗಿನ ಬೇಡಿಕೆಯ ಮೇಲೆ ನಿಂತ ಬಂದರು ಬೇಡಿಕೆ ತಿರುಗಿದ ದಿನ ಹೋಗುತ್ತದೆ. ಕುದುರೆ ಹೋಯಿತು, ಮೆಣಸು ಹೋಯಿತು, ಹತ್ತಿ ಹೋಯಿತು. ಈ ಎಲ್ಲ ಕಾಲದಲ್ಲೂ ಬಿಡದೆ ನಡೆದುಕೊಂಡು ಬಂದದ್ದು ಮೀನು. ಖಾರ್ವಿ, ಮೊಗೇರ, ಹರಿಕಂತ್ರ, ಅಂಬಿಗ, ದಾಲ್ಜಿ, ಗಾಬಿತ ಸಮುದಾಯಗಳು ಬಲೆ ಬೀಸಿದವು, ಅವರ ಮನೆಯ ಹೆಂಗಸರು ಮಾರಿದರು. ಪ್ರವಾಸೋದ್ಯಮವನ್ನೂ ನಾನು ಈ ಸಾಲಿನಲ್ಲಿಟ್ಟೇ ನೋಡುತ್ತೇನೆ. ಅದು ಬರಲಿ, ಊರಿಗೆ ಹಣ ತರಲಿ. ಆದರೆ ಅದಕ್ಕಾಗಿ ಮೀನಿನ ಜಾಗವನ್ನು ತೆರವು ಮಾಡಿಕೊಟ್ಟರೆ, ಪ್ರವಾಸಿ ಬೇರೆ ಕಡೆ ಹೊರಳಿದ ದಿನ ಊರಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈಗ ಬಾವುಟದ ವಿಷಯ. ಅದು ಅಲಂಕಾರಕ್ಕೆ ಹಾರಿಸಿದ್ದಲ್ಲ. ಬ್ಲೂ ಫ್ಲ್ಯಾಗ್ ಎಂಬ ಈ ಮಾನ್ಯತೆಯನ್ನು ಕೊಡುವುದು ಡೆನ್ಮಾರ್ಕಿನಲ್ಲಿ ಕಚೇರಿ ಇರುವ ಪರಿಸರ ಶಿಕ್ಷಣ ಪ್ರತಿಷ್ಠಾನ. 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿ 1987ರಲ್ಲಿ ಯುರೋಪಿಗೆಲ್ಲ ಹಬ್ಬಿದ ಯೋಜನೆ ಇದು. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಕಡಲತೀರಗಳಿಗೆ ಒಟ್ಟಿಗೆ ದೊರೆಯಿತು. ಕರ್ನಾಟಕದ ಪಾಲಿಗೆ ಎರಡು, ಒಂದು ಕಾಸರಕೋಡು, ಇನ್ನೊಂದು ಉಡುಪಿ ಜಿಲ್ಲೆಯ ಪಡುಬಿದ್ರಿ. ಪಾಸಾಗಬೇಕಾದ ಅಂಶಗಳು 33. ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಪರಿಸರದ ಬಗ್ಗೆ ತಿಳಿವಳಿಕೆ, ಸುರಕ್ಷತೆ ಮತ್ತು ಸೌಲಭ್ಯ ಎಂಬ ನಾಲ್ಕು ತಲೆಬರಹಗಳಡಿ ಅವು ಬರುತ್ತವೆ. ಸ್ನಾನದ ಋತುವಿನಲ್ಲಿ ಕನಿಷ್ಠ ಐದು ಸಲ ನೀರಿನ ಮಾದರಿ ತೆಗೆಯಬೇಕು, ಎರಡು ಮಾದರಿಗಳ ನಡುವೆ 31 ದಿನ ಮೀರಬಾರದು. ಆ ನೀರಿನಲ್ಲಿ ಮಲಮೂತ್ರ ಸೇರಿದೆಯೇ ಎಂದು ಹೇಳುವ ಎರಡು ಬಗೆಯ ಬ್ಯಾಕ್ಟೀರಿಯಾಗಳ ಲೆಕ್ಕ ತೆಗೆಯುತ್ತಾರೆ. ಕೊಳಚೆ ಅಥವಾ ಕಾರ್ಖಾನೆಯ ನೀರು ಸ್ನಾನದ ಜಾಗಕ್ಕೆ ಬಂದು ಬೀಳಬಾರದು. ಕಡಲು ತಂದು ಹಾಕಿದ ಪಾಚಿ, ಜೊಂಡುಗಳನ್ನು ದುರ್ನಾತ ಬಂದು ತೊಂದರೆಯಾದಾಗ ಮಾತ್ರ ತೆಗೆಯಬೇಕು, ಇಲ್ಲವಾದರೆ ಹಾಗೇ ಬಿಡಬೇಕು. ಈ ಕೊನೆಯ ನಿಯಮ ನನಗೆ ಬಹಳ ಇಷ್ಟ. ಮರಳು ಬರಿದಾಗಿ ಫಳಫಳ ಹೊಳೆದರೆ ಮಾತ್ರ ಸ್ವಚ್ಛ ಎಂದುಕೊಂಡವರಿಗೆ ಅದು ಒಳ್ಳೆಯ ಪಾಠ. ಮಾನ್ಯತೆ ಒಂದು ಋತುವಿಗೆ ಮಾತ್ರ. ಪ್ರತಿ ವರ್ಷ ಮತ್ತೆ ಪರೀಕ್ಷೆಗೆ ಕೂರಬೇಕು.

ಇದರಿಂದ ಊರಿಗೆ ಆದ ಲಾಭ ಚಿಕ್ಕದಲ್ಲ. ಶೌಚಾಲಯ ಬಂತು, ಬಟ್ಟೆ ಬದಲಿಸುವ ಕೋಣೆ ಬಂತು, ಅಂಗವಿಕಲರ ಗಾಲಿಕುರ್ಚಿ ಮರಳಿಗಿಳಿಯುವ ಹಾದಿ ಬಂತು, ಜೀವರಕ್ಷಕರು ಬಂದರು. ಜೀವರಕ್ಷಕರ ಬೆಲೆ ಏನೆಂದು ನಾವು ತುಂಬ ಕಷ್ಟದ ರೀತಿಯಲ್ಲಿ ತಿಳಿದುಕೊಂಡಿದ್ದೇವೆ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಘಟ್ಟದ ಮೇಲಿನವರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತವರ ಕಾಲಡಿಯ ಮರಳನ್ನೂ ತಿರುಗಿ ಹೋಗುವ ಅಲೆ ಕೀಳುತ್ತದೆ. ಆದ್ದರಿಂದ ಮಕ್ಕಳನ್ನು ಕರೆತರುವವರು ಗುರುತು ಮಾಡಿದ ಸ್ನಾನದ ಜಾಗ ಮತ್ತು ಜೀವರಕ್ಷಕರಿರುವ ಕಡೆ ಬಿಟ್ಟು ಬೇರೆಲ್ಲೂ ನೀರಿಗಿಳಿಸಬೇಡಿ. ಖಾಲಿ ದಂಡೆ ಎಷ್ಟೇ ಚೆಂದ ಕಂಡರೂ ಬೇಡ.

ಕಾಸರಕೋಡಿನಲ್ಲೇ ಹೊಳೆಯ ಬದಿಗೆ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನ ನಡುವೆ ಮರದ ಅಟ್ಟಣೆಯ ಹಾದಿ ಮಾಡಿದೆ. ಶರಾವತಿ ಕಾಂಡ್ಲಾ ನಡಿಗೆ ಎಂದು ಹೆಸರು. ಈ ಕರಾವಳಿಯಲ್ಲಿ ಪ್ರವಾಸಿಗರಿಗೆಂದು ಕಟ್ಟಿದವುಗಳಲ್ಲಿ ನನಗೆ ಅತ್ಯಂತ ಸರಿ ಎನಿಸಿದ್ದು ಇದು. ಕಾಡು ಕಡಿಯದೆ, ನೀರಿನ ಹರಿವು ತಡೆಯದೆ ಜನರನ್ನು ಒಳಗೆ ಬಿಡುತ್ತದೆ. ಇಳಿತದ ಹೊತ್ತಿಗೆ ಹೋದರೆ ಊರುಗೋಲುಗಳಂತೆ ಕೆಸರಿಗಿಳಿದ ಬೇರುಗಳು ಬುಡದವರೆಗೂ ಕಾಣುತ್ತವೆ. ಕೆಸರಿನಲ್ಲಿ ಉಸಿರಿಗೆ ಗಾಳಿ ಸಿಗದ ಕಾರಣ ಆ ಮರಗಳು ಬೇರನ್ನು ಮೇಲಿಟ್ಟುಕೊಂಡಿವೆ. ಕೆಲವು ಕಾಂಡ್ಲಾ ಗಿಡಗಳ ಬೀಜ ತಾಯಿಮರದಲ್ಲೇ ಮೊಳೆತು, ಗೇಣುದ್ದದ ಕೋಲಾಗಿ ಜೋತು, ಆಮೇಲೆ ಬೀಳುತ್ತದೆ. ನೀರಿದ್ದರೆ ತೇಲಿ ಹೋಗಿ ಬೇರೆಡೆ ನಿಲ್ಲುತ್ತದೆ, ಇಳಿತವಿದ್ದರೆ ಅಲ್ಲೇ ಕೆಸರಿಗೆ ನೆಟ್ಟುಕೊಳ್ಳುತ್ತದೆ. ಈ ಬೇರುಗಳ ಸಂದಿಯಲ್ಲೇ ಸಿಗಡಿಯ, ಮೀನಿನ ಮರಿಗಳು ಬೆಳೆಯುವುದು. ಅಂದರೆ ಅಟ್ಟಣೆಯ ಮೇಲೆ ನಡೆಯುವ ಪ್ರವಾಸಿ ಟೊಂಕದ ಮೀನಿನ ತೊಟ್ಟಿಲನ್ನೇ ನೋಡುತ್ತಿದ್ದಾನೆ.

ಶರಾವತಿಯ ಅಳಿವೆಗೆ ಬಂದವರು ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಯನ್ನೂ ನೋಡಿಯೇ ಹೋಗಬೇಕು. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಅಣೆಕಟ್ಟು ಕಡಲಿಗೆ ಏನು ಮಾಡುತ್ತದೆಂದು ಅರ್ಥವಾಗುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ತಿಗಾಗಿ ಬೇಸಗೆಯಲ್ಲೂ ಸಿಹಿನೀರು ಬಿಡುವುದರಿಂದ ಅಳಿವೆಯ ಉಪ್ಪು ತಗ್ಗಿದೆ. ಉಪ್ಪು ಬೇಕಾದ ಚಿಪ್ಪಿನ ಜೀವಿಗಳು ಕ್ಷೀಣಿಸಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ದಾಖಲಿಸಿದ್ದಾರೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲಕ್ಕೆ ಸಿಹಿ, ಬೇಸಗೆಗೆ ಉಪ್ಪು, ಹೊಳೆ ತನ್ನ ಲಯದಲ್ಲೇ ಇದೆ. ಅಲ್ಲಿ ಇಳಿತದ ಹೊತ್ತಿಗೆ ನೂರಾರು ಜನ ನೀರಿಗಿಳಿದು ಚಿಪ್ಪಿ ಹೆಕ್ಕುತ್ತಾರೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ, ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳಿವೆ. ಹೊಳೆಯ ಬಾಯಲ್ಲಿ ತದಡಿ ಬಂದರು. ತದಡಿಗೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ತರುವ ಮಾತು ಎದ್ದಾಗ ಜನ ವಿರೋಧಿಸಿದರು, ಯೋಜನೆ ನಿಂತಿತು. ಅದೇ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎನಿಸಿಕೊಂಡಿತು. ವಿರೋಧಿಸಿದವರು ಅಂದು ಅಭಿವೃದ್ಧಿಯ ಶತ್ರುಗಳೆಂಬ ಮಾತು ಕೇಳಬೇಕಾಗಿತ್ತು. ಇವತ್ತು ಜಿಲ್ಲೆಯ ಹೆಮ್ಮೆ ಎಂದು ನಾವು ಹೇಳಿಕೊಳ್ಳುವ ಅಳಿವೆ ಉಳಿದದ್ದು ಅವರಿಂದ.

ಮತ್ತೆ ಟೊಂಕಕ್ಕೆ ಬರುತ್ತೇನೆ. ಪ್ರವಾಸಿಗರು ಬೆಳಿಗ್ಗೆ ಬೇಗ ಎದ್ದು ಅಲ್ಲಿಗೆ ಹೋಗಬೇಕೆಂಬುದು ನನ್ನ ಕೋರಿಕೆ. ದೋಣಿಗಳು ಅಳಿವೆ ದಾಟಿ ಒಳಬರುವುದನ್ನು ನೋಡಿದರೆ ಆ ಕೆಲಸದ ಅಪಾಯ ತಿಳಿಯುತ್ತದೆ. ಹೊಳೆಬಾಯಲ್ಲಿ ಹೂಳು ತುಂಬಿ ದೋಣಿಯ ತಳ ತಾಗುತ್ತದೆ, ಅಲೆ ಅಡ್ಡ ಬಂದರೆ ಮಗುಚುತ್ತದೆ. ಹೂಳೆತ್ತಿ ಎಂದು ಮೀನುಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಧಕ್ಕೆಗೆ ಬಂದ ಬಂಗಡೆ, ತಾರ್ಲೆ, ಶೆಟ್ಲಿಗಳು ಬುಟ್ಟಿಬುಟ್ಟಿಯಾಗಿ ಹರಾಜಾಗುತ್ತವೆ. ದೊಡ್ಡ ಮೀನು ಮಂಜುಗಡ್ಡೆಯ ಲಾರಿ ಹತ್ತಿ ದೂರದ ಪೇಟೆಗೆ ಹೋಗುತ್ತದೆ. ಹಸಿಯಾಗಿ ಖರ್ಚಾಗದೆ ಮಿಕ್ಕ ಸಣ್ಣ ಮೀನನ್ನು ಹೆಂಗಸರು ಕೊಳ್ಳುತ್ತಾರೆ. ತೊಳೆದು, ಉಪ್ಪು ಹಾಕಿ, ಬಿಸಿಲಿಗೆ ಹರಡುತ್ತಾರೆ. ಒಂದು ಮಗ್ಗುಲು ಒಣಗಿದ ಮೇಲೆ ಮಗುಚಬೇಕು, ಕಾಗೆ ನಾಯಿ ಕಾಯಬೇಕು, ಸಂಜೆಗೆ ಇಬ್ಬನಿ ತಾಗದಂತೆ ಒಟ್ಟಿ ಮುಚ್ಚಬೇಕು, ಮರುದಿನ ಮತ್ತೆ ಹರಡಬೇಕು. ಅಕಾಲದ ಒಂದು ಮಳೆ ಬಂದರೆ ಹಾಕಿದ ಬಂಡವಾಳ ನೀರುಪಾಲು. ಹೀಗೆ ಒಣಗಿದ ಮೀನು ಘಟ್ಟ ಹತ್ತಿ ಸಂತೆಗಳಿಗೆ ಹೋಗಿ, ಮಳೆಗಾಲದಲ್ಲಿ ಹಸಿಮೀನು ಸಿಗದ ತಿಂಗಳುಗಳಿಗೆ ಬಡವರ ಮನೆಯ ಅಡುಗೆಯಾಗುತ್ತದೆ. ಇದಕ್ಕೆ ಬೇಕಾದ ಮುಖ್ಯ ಬಂಡವಾಳ ಬಿಸಿಲು ಬೀಳುವ ಅಗಲ ಮರಳು. ಅದಕ್ಕೆ ಅವರ ಹೆಸರಿನ ಪಟ್ಟಾ ಇಲ್ಲ. ಯಾರ ಹೆಸರಿಗೂ ಇಲ್ಲದ ಈ ಜಾಗ ಸರ್ಕಾರದ ನಕ್ಷೆಯಲ್ಲಿ ಖಾಲಿ ಜಾಗವಾಗಿ ಕಾಣುತ್ತದೆ.

ಖಾಲಿ ಎಂದು ಕಂಡ ಇದೇ ದಂಡೆಯನ್ನು 2010ರಲ್ಲಿ ರಾಜ್ಯ ಸರ್ಕಾರ ಖಾಸಗಿ ವಾಣಿಜ್ಯ ಬಂದರಿಗೆ ಗುತ್ತಿಗೆ ಕೊಟ್ಟಿತು. ಬಂದರು ಬಂದರೆ ಉದ್ಯೋಗ, ವ್ಯಾಪಾರ ಬೆಳೆಯುತ್ತದೆ ಎಂಬುದು ಬೇಕೆನ್ನುವವರ ವಾದ. ಧಕ್ಕೆ, ಒಣಮೀನಿನ ಮರಳು, ಮನೆ ಎಲ್ಲವೂ ಅದರಡಿ ಹೋಗುತ್ತದೆಂಬುದು ಮೀನುಗಾರರ ಮಾತು. 2022ರಲ್ಲಿ, 2024ರಲ್ಲಿ, 2025ರಲ್ಲಿ ರಸ್ತೆ ಮತ್ತು ಸರ್ವೆ ಕೆಲಸಕ್ಕೆ ಬಂದವರನ್ನು ಊರವರು ತಡೆದಿದ್ದಾರೆ. ಪೊಲೀಸ್ ಬಂದೋಬಸ್ತಿನಲ್ಲಿ ಕೆಲಸ ನಡೆದಿದೆ, ಬಂಧನಗಳಾಗಿವೆ, ನಿಷೇಧಾಜ್ಞೆ ಬಿದ್ದಿದೆ, ಪ್ರಕರಣ ಹೈಕೋರ್ಟ್ ತಲುಪಿದೆ. ಆ ಮರಳಿಗೆ ಇನ್ನೊಬ್ಬ ಹಕ್ಕುದಾರರೂ ಇದ್ದಾರೆ. ಆಲಿವ್ ರಿಡ್ಲೆ ಕಡಲಾಮೆಗಳು ಟೊಂಕದಲ್ಲಿ ದಡ ಹತ್ತಿ ಮೊಟ್ಟೆಯಿಡುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಅದು, ಹುಲಿಗಿರುವಷ್ಟೇ ರಕ್ಷಣೆ ಅದಕ್ಕೂ ಇದೆ. ಮೊಟ್ಟೆ ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸಿ ಬೇಲಿ ಹಾಕಿಸಿ ಕಾಯುತ್ತಾರೆ. ಒಂದೂವರೆ ಎರಡು ತಿಂಗಳಿಗೆ ಮರಿಗಳು ಹೊರಬಂದು ಬೆಳಕು ಹೆಚ್ಚಿರುವ ಕಡೆಗೆ ಓಡುತ್ತವೆ. ಕತ್ತಲ ದಂಡೆಯಲ್ಲಾದರೆ ಆ ಬೆಳಕು ಕಡಲಿನ ಮೇಲಿರುತ್ತದೆ. ದಂಡೆಗೆ ಸಾಲು ವಿದ್ಯುದ್ದೀಪ ಹಾಕಿದರೆ ಮರಿಗಳು ರಸ್ತೆಯ ಕಡೆಗೆ ತಿರುಗಿ ಸಾಯುತ್ತವೆ. ಆದ್ದರಿಂದ ಪ್ರವಾಸಿಗರ ನಡಿಗೆ ಹಾದಿಗೆ ಎತ್ತರದ ಪ್ರಖರ ದೀಪ ಬೇಕೆಂದು ಕೇಳುವ ಮೊದಲು ಈ ದಂಡೆಯಲ್ಲಿ ಎರಡು ಸಲ ಯೋಚಿಸಬೇಕು.

ನಾನು ಒಣಮೀನಿನ ಹೆಂಗಸರ ಪಕ್ಷದವನು. ಅವರಿಗೆ ಜಾಗ ಕೊಡುವುದಕ್ಕೆ ಕಾನೂನಿನ ಅಡ್ಡಿ ಇಲ್ಲ ಎಂಬುದನ್ನು ಯೋಜನೆ ಮಾಡುವವರು ಗಮನಿಸಲಿ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ, ಮತ್ತೆ 2011ರಲ್ಲಿ, 2019ರಲ್ಲಿ ಬದಲಾಯಿತು. ಕಟ್ಟಡ ಕಟ್ಟಬಾರದೆಂದು ಗೆರೆ ಎಳೆದ ಜಾಗದಲ್ಲೂ ಸ್ಥಳೀಯ ಮೀನುಗಾರರ ಒಣಗಿಸುವ ಅಂಗಳ, ಹರಾಜು ಕಟ್ಟೆ, ಬಲೆ ನೇಯುವ ಜಾಗ, ದೋಣಿ ಕಟ್ಟುವ ಜಾಗ, ಮಂಜುಗಡ್ಡೆ ಘಟಕಗಳಿಗೆ ಅದು ಅವಕಾಶ ಕೊಡುತ್ತದೆ. 2019ರ ಅಧಿಸೂಚನೆ ಪ್ರವಾಸಿಗರಿಗೆ ಬೇಕಾದ ತಾತ್ಕಾಲಿಕ ಶೆಡ್ಡು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಿಗೂ ಭರತದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಟ್ಟು ಕಟ್ಟಲು ಅವಕಾಶ ಮಾಡಿತು. ಎರಡೂ ಒಂದೇ ಕಾಗದದಲ್ಲಿವೆ. ಪ್ರವಾಸಿಯ ಸೌಲಭ್ಯ ನಕ್ಷೆಗೆ ಬೇಗ ಇಳಿಯಿತು. ಒಣಗಿಸುವ ಅಂಗಳಕ್ಕೆ ಚಪ್ಪಡಿ, ತೊಳೆಯಲು ಸಿಹಿನೀರಿನ ನಲ್ಲಿ, ಮಳೆ ಬಂದಾಗ ಎಳೆದು ಮುಚ್ಚುವ ಚಪ್ಪರ, ಹೆಂಗಸರಿಗೆ ಶೌಚಾಲಯ, ರಾತ್ರಿ ಮೀನಿಡಲು ಬೀಗದ ಕೋಣೆ, ಇವೂ ಅದೇ ನಕ್ಷೆಗೆ ಬರಬೇಕು. ಬ್ಲೂ ಫ್ಲ್ಯಾಗಿನ ದಂಡೆಗೆ ನಲ್ಲಿ ತರಲು ಸಾಧ್ಯವಾದ ಆಡಳಿತಕ್ಕೆ ಟೊಂಕಕ್ಕೂ ಒಂದು ನಲ್ಲಿ ತರುವುದು ಕಷ್ಟವಲ್ಲ.

ಒಣಮೀನಿನ ವಾಸನೆಯಿದ್ದರೆ ಪ್ರವಾಸಿಗರು ಬರುವುದಿಲ್ಲ ಎಂಬ ಆಕ್ಷೇಪ ಕೇಳಿದ್ದೇನೆ. ಪ್ರವಾಸಿಗರನ್ನು ಇಷ್ಟು ಕಡಿಮೆ ಅಂದಾಜು ಮಾಡಬಾರದು. ಮೀನೂಟಕ್ಕೆಂದೇ ನೂರಾರು ಕಿ.ಮೀ. ಬರುವವರು ಮೀನಿನ ವಾಸನೆಗೆ ಓಡಿಹೋಗುವುದಿಲ್ಲ. ಹರಾಜಿನ ಕೂಗು, ಬಲೆ ಬಿಡಿಸುವ ಕೈಚಳಕ, ಬಂಗಡೆ ಹೊತ್ತ ಬುಟ್ಟಿಗಳ ಓಡಾಟ ನೋಡಿದ ಮಕ್ಕಳು ಅದನ್ನು ಜಾರುಬಂಡಿಗಿಂತ ಹೆಚ್ಚು ದಿನ ನೆನೆಯುತ್ತಾರೆ. ಧಕ್ಕೆಯಲ್ಲಿ ದಾರಿಗೆ ಅಡ್ಡ ನಿಲ್ಲಬೇಡಿ, ಕೇಳದೆ ಮುಖದ ಫೋಟೊ ತೆಗೆಯಬೇಡಿ, ಒಣಗಿದ ಮೀನಿನ ಮೇಲೆ ಚಪ್ಪಲಿಯಿಡಬೇಡಿ. “ಅಕ್ಕ, ಇದು ಯಾವ ಮೀನು?” ಎಂದು ಕೇಳಿದರೆ ಹೆಸರೂ ಹೇಳುತ್ತಾರೆ, ಸಾರು ಮಾಡುವ ಬಗೆಯನ್ನೂ ಹೇಳುತ್ತಾರೆ.

ಮುರ್ಡೇಶ್ವರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಎಲ್ಲರೂ ಹೋಗುವ ಜಾಗ. 123 ಅಡಿಯ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರ ಎರಡೂ ಉದ್ಯಮಿ ಆರ್.ಎನ್. ಶೆಟ್ಟರು ಕಟ್ಟಿಸಿದವು. ಕಡಲಿಗೆ ಚಾಚಿದ ಒಂದು ಗುಡ್ಡದ ಸುತ್ತ ಇಡೀ ಪೇಟೆಯೇ ಬೆಳೆದುಬಿಟ್ಟಿತು. ಈ 60 ಕಿ.ಮೀ.ಯಲ್ಲಿ ನೀರಿನಂಚನ್ನು ಪೂರ್ತಿ ಹೊಸದಾಗಿ ಕಟ್ಟಿದ್ದಕ್ಕೆ ದೊಡ್ಡ ಉದಾಹರಣೆ ಅದು. ಅಲ್ಲೂ ದೇವಸ್ಥಾನದ ಎರಡೂ ಮಗ್ಗುಲಿನ ಮರಳಿನಲ್ಲಿ ದೋಣಿಗಳು ಇವೆ ಎಂಬುದನ್ನು ಗೋಪುರದ ಮೇಲಿನಿಂದ ನೋಡಿ. ಭಟ್ಕಳದಲ್ಲಿ ಬಂದರಿನ ಬದಿಯ ಗುಡ್ಡ ಹತ್ತಿ. ಪೇಟೆಯೊಳಗೆ ನವಾಯತ ಸಮುದಾಯದ ಹಳೆಯ ಮನೆಗಳಿರುವ ಓಣಿಗಳಲ್ಲಿ ನಡೆಯಿರಿ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಮತ್ತು ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆಲಸ ನೋಡಿ. ಬಂದರಿನ ಲಾಭ ದಂಡೆಯಿಂದ ಊರೊಳಗೆ ಬಂದು ಏನಾಗಿತ್ತು ಎಂಬುದಕ್ಕೆ ಅವೇ ಉತ್ತರ.

ಬರುವ ಸಮಯಕ್ಕೆ ಗಮನ ಕೊಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಧಕ್ಕೆ ಖಾಲಿ, ಕಡಲು ಒರಟು. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ರೈಲಿನಲ್ಲಿ ಬರುವವರಿಗೆ ಹೊನ್ನಾವರದ ಹತ್ತಿರ ಕೊಂಕಣ ರೈಲಿನ ಅತಿ ಉದ್ದದ ಸೇತುವೆ, 2 ಕಿ.ಮೀ.ಗೂ ಮಿಗಿಲಾದ ಶರಾವತಿ ಸೇತುವೆ ಸಿಗುತ್ತದೆ. ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಮೊದಲ ದಿನ ಬೆಳಿಗ್ಗೆ ಟೊಂಕ, ಬಿಸಿಲೇರಿದ ಮೇಲೆ ಬಾವುಟದ ದಂಡೆಯ ಸ್ನಾನ, ಇಳಿತದ ವೇಳೆ ವಿಚಾರಿಸಿಕೊಂಡು ಕಾಂಡ್ಲಾ ನಡಿಗೆ. ಎರಡನೆಯ ದಿನ ಉತ್ತರಕ್ಕೆ ಹೋದರೆ ಅಘನಾಶಿನಿ ಮತ್ತು ಮಿರ್ಜಾನ ಕೋಟೆ, ದಕ್ಷಿಣಕ್ಕೆ ಹೋದರೆ ಮುರ್ಡೇಶ್ವರ, ಭಟ್ಕಳ. ಒಂದೇ ದಿನ ಎರಡು ದಿಕ್ಕಿಗೂ ಓಡಬೇಡಿ. ಒಣಮೀನು ಕೊಳ್ಳುವ ಆಸೆಯಿದ್ದರೆ ಏಪ್ರಿಲ್ ಮೇ ತಿಂಗಳಲ್ಲಿ ಬನ್ನಿ. ಆಗ ಬಿಸಿಲು ಗಟ್ಟಿ, ಮೀನು ಚೆನ್ನಾಗಿ ಒಣಗಿರುತ್ತದೆ, ಮಳೆಗಾಲದ ದಾಸ್ತಾನಿಗೆ ಸಂತೆಯೂ ತುಂಬಿರುತ್ತದೆ. ಮುರಿದರೆ ಪಟ್ಟನೆ ಮುರಿಯುವ ಮೀನನ್ನು ಆರಿಸಿ. ಒಣಗಿಸಿದವರ ಕೈಯಿಂದಲೇ, ಅವರು ಹೇಳಿದ ದರಕ್ಕೆ ಕೊಳ್ಳಿ, ಗಾಳಿಯಾಡದ ಡಬ್ಬಿ ಮನೆಯಿಂದಲೇ ತಂದಿರಿ.